ಎಳೆದರೂ ಕೆಡದ ಚೌಕ

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಶಾಲೆಯ ಸುತ್ತ ತೆಂಗಿನ ತೋಟ. ಕಂಪ್ಯೂಟರ್ ರೂಮಿನಲ್ಲಿ ಹತ್ತು ಹಳೇ ಡೆಸ್ಕ್‌ಟಾಪ್‌ಗಳಿವೆ, ಏಳು ಕೆಲಸ ಮಾಡುತ್ತವೆ. ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂಬತ್ತನೇ ತರಗತಿಯಲ್ಲಿ 34 ಮಕ್ಕಳು.

ಪ್ರೊಜೆಕ್ಟರ್ ಬಂದ ಮೊದಲ ವರ್ಷ ನಾನು ವಿಡಿಯೋ ತೋರಿಸುತ್ತಿದ್ದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಪಾಠ ಸಿಗುತ್ತಿತ್ತು. ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಬರುತ್ತಿದ್ದೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಕ್ಲಾಸು ಅಷ್ಟು ಶಾಂತವಾಗಿದ್ದನ್ನು ಕಂಡು ಕಲಿಯುತ್ತಿದ್ದಾರೆ ಅಂತಲೇ ನಂಬಿದ್ದೆ.

ಚತುರ್ಭುಜದ ಪಾಠ ಮುಗಿದ ಮೇಲೆ ಬೋರ್ಡಿನ ಮೇಲೆ ಒಂದು ಚೌಕ ಬರೆದೆ. ನೇರವಾಗಿ ಬರೆಯದೆ ಒಂದು ಮೂಲೆಯ ಮೇಲೆ ನಿಲ್ಲಿಸಿ ಬರೆದೆ. ಇದೇನು ಅಂತ ಕೇಳಿದೆ. ‘ವಜ್ರಾಕೃತಿ ಮಿಸ್’ ಎಂದರು. ಅದು ತಪ್ಪಲ್ಲ, ನಾಲ್ಕೂ ಬಾಹು ಸಮ ಇದ್ದರೆ ವಜ್ರಾಕೃತಿ, ಹಾಗಾಗಿ ಎಲ್ಲ ಚೌಕವೂ ವಜ್ರಾಕೃತಿಯೇ. ಹಾಗಾದರೆ ಇದು ಚೌಕವೂ ಹೌದಾ ಎಂದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಅಲ್ಲ ಎಂದರು. ನಾಲ್ಕೂ ಬಾಹು ಸಮ, ನಾಲ್ಕೂ ಕೋನ 90 ಡಿಗ್ರಿ ಅಂತ ಹಿಂದಿನ ದಿನ ಟೆಸ್ಟಿನಲ್ಲಿ ಬರೆದಿದ್ದ ಮಕ್ಕಳೇ ಅವರು. ಅವರಿಗೆ ಚೌಕ ಅಂದರೆ ನೆಲದ ಮೇಲೆ ಕೂತ ಡಬ್ಬಿಯ ಹಾಗೆ ಕಾಣುವ ಒಂದು ಚಿತ್ರ, ಅಷ್ಟೇ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಜಿಯೋಜೀಬ್ರಾ ಬಗ್ಗೆ ತರಬೇತಿಯಲ್ಲಿ ಕೇಳಿದ್ದೆ. 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಶುರು ಮಾಡಿದ, ಪರದೆಯ ಮೇಲೆ ಗಣಿತದ ಆಕೃತಿ ಬರೆದು ಎಳೆದು ನೋಡುವ ತಂತ್ರಾಂಶ ಅದು. ಶಾಲೆಗಳಿಗೆ ಉಚಿತ. ಒಮ್ಮೆ ಹಾಕಿಕೊಂಡರೆ ನೆಟ್ ಬೇಕಿಲ್ಲ, ನಮ್ಮಂಥ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಅಲ್ಲಿಯವರೆಗೆ ನಾನು ಅದನ್ನು ಅಂದವಾದ ಚಿತ್ರ ಬರೆಯೋಕೆ ಮಾತ್ರ ಬಳಸಿದ್ದೆ. ಪೆನ್‌ಡ್ರೈವಿನಿಂದ ಏಳೂ ಕಂಪ್ಯೂಟರಿಗೆ ಹಾಕಿ, ಮಕ್ಕಳ ಕೈಗೆ ಮೌಸ್ ಕೊಟ್ಟು, ಒಂದೇ ಕೆಲಸ ಹೇಳಿದೆ: ಒಂದು ಚೌಕ ಮಾಡಿ. ಆಮೇಲೆ ನಾನು ಬಂದು ಯಾವುದಾದರೂ ಮೂಲೆ ಹಿಡಿದು ಎಳೆಯುತ್ತೇನೆ. ಎಳೆದಾಗಲೂ ಅದು ಚೌಕವಾಗಿಯೇ ಇರಬೇಕು. ರೆಡಿ ಚೌಕ ಕೊಡುವ ಬಟನ್ ಒಂದು ಇದೆ, ಅದನ್ನು ಮುಟ್ಟಬಾರದು.

ಮೊದಲ ದಿನ ಎಲ್ಲರೂ ಕಣ್ಣಳತೆಯಲ್ಲಿ ನಾಲ್ಕು ಗೆರೆ ಜೋಡಿಸಿದರು. ನೋಡೋಕೆ ಚೆನ್ನಾಗಿಯೇ ಇದ್ದವು. ಒಂದು ಮೂಲೆ ಎಳೆದೆ. ಚೌಕ ಹರಿದ ಗಾಳಿಪಟದ ಹಾಗಾಯಿತು. ‘ಅಯ್ಯೋ ಮಿಸ್!’ ಅಂತ ಇಡೀ ರೂಮು ಕೂಗಿತು. ತಪ್ಪು ಅಂತ ನಾನು ಒಬ್ಬರಿಗೂ ಹೇಳಬೇಕಾಗಲಿಲ್ಲ.

ಎರಡನೇ ದಿನ ಒಬ್ಬ ಹುಡುಗಿ ಕೇಳಿದಳು, ‘ಮಿಸ್, ಇದರಲ್ಲಿ ಕೈವಾರ ಇದೆಯಾ?’ ಅವಳ ಆ ಒಂದು ಪ್ರಶ್ನೆಗೇ ನಾನು ಕಾಯುತ್ತಿದ್ದೆ ಅಂತ ಆಮೇಲೆ ಅನ್ನಿಸಿತು. ವೃತ್ತ ಎಳೆಯುವ ಬಟನ್ ತೋರಿಸಿದೆ. ಅವಳ ಗುಂಪು ಎ ಮತ್ತು ಬಿ ಎಂಬ ಎರಡು ಬಿಂದು ಇಟ್ಟು, ಎ ಕೇಂದ್ರವಾಗಿ ಬಿ ಮೂಲಕ ವೃತ್ತ ಎಳೆಯಿತು. ಆ ವೃತ್ತದ ಮೇಲೆ ಡಿ ಇಟ್ಟರು. ಬಿ ಮತ್ತು ಡಿಗಳಿಂದಲೂ ಅದೇ ಅಳತೆಯ ವೃತ್ತ ಎಳೆದು, ಅವು ಸೇರುವ ಕಡೆ ಸಿ ಗುರುತಿಸಿದರು. ನಾಲ್ಕೂ ಬಾಹು 5. ಖುಷಿಯಿಂದ ನನ್ನನ್ನು ಕರೆದರು. ನಾನು ಡಿ ಹಿಡಿದು ಎಳೆದೆ. ಬಾಹುಗಳು 5 ಆಗಿಯೇ ಉಳಿದವು, ಆಕೃತಿ ಮಾತ್ರ ಪಕ್ಕಕ್ಕೆ ವಾಲಿತು.

ಆಗ ಹಿಂದೆ ನಿಂತಿದ್ದ ಒಬ್ಬ ಹುಡುಗ, ಕ್ಲಾಸಿನಲ್ಲಿ ಬಾಯೇ ಬಿಡದವನು, ಮೆಲ್ಲಗೆ ಹೇಳಿದ: ‘ಮೂಲೆಯಿಂದ ಮೂಲೆಗೆ ಟೇಪ್ ಹಿಡೀಬೇಕು ಮಿಸ್.’ ಅವರಪ್ಪ ಗಾರೆ ಕೆಲಸ ಮಾಡುತ್ತಾರೆ. ಮನೆ ಪಾಯಕ್ಕೆ ಸುಣ್ಣದ ಗೆರೆ ಹಾಕುವಾಗ ಎದುರುಬದುರು ಅಳತೆ ಸಮ ಮಾಡಿಕೊಂಡು, ಆಮೇಲೆ ಎರಡೂ ಮೂಲೆಗೆ ಅಡ್ಡಲಾಗಿ ಟೇಪ್ ಹಿಡಿಯುತ್ತಾರೆ. ಎರಡೂ ಒಂದೇ ಬಂದರೆ ಮೂಲೆ ಸರಿಯಿದೆ ಅಂತ ಅರ್ಥ. ಇವನು ರಜೆಯಲ್ಲಿ ಟೇಪಿನ ಆ ತುದಿ ಹಿಡಿದು ನಿಂತವನು.

ಮೌಸ್ ಅವನ ಕೈಗೆ ಬಂತು. ಎರಡೂ ಕರ್ಣ ಅಳೆದ. ಒಂದು 6, ಇನ್ನೊಂದು 8. ಡಿಯನ್ನು ನಿಧಾನವಾಗಿ ಸರಿಸುತ್ತಾ ಹೋದ. 6 ಏರುತ್ತಾ ಬಂತು, 8 ಇಳಿಯುತ್ತಾ ಬಂತು. ಎರಡೂ 7.07ಕ್ಕೆ ಬಂದಾಗ ಕೈ ತೆಗೆದ. ಪರದೆಯ ಮೇಲೆ ಚೌಕ! ಪಕ್ಕದ ಹುಡುಗಿ ನೋಟ್‌ಬುಕ್ಕಿನಲ್ಲಿ 5ರ ವರ್ಗ, 5ರ ವರ್ಗ ಕೂಡಿಸಿ 50 ಬರೆದು, ‘ಇದರ ವರ್ಗಮೂಲ 7.07 ಮಿಸ್’ ಎಂದಳು. ಪೈಥಾಗೊರಸ್ ಪ್ರಮೇಯವನ್ನು ಯಾರೂ ಕೇಳದೆಯೇ ಅವಳು ತಂದಿದ್ದಳು. ಹದಿನಾರು ವರ್ಷದ ಕೆಲಸದಲ್ಲಿ ಅಂಥ ಪೀರಿಯಡ್ ನನಗೆ ಹೆಚ್ಚು ಸಿಕ್ಕಿಲ್ಲ.

ಆದರೂ ಡಿ ಎಳೆದರೆ ಆ ಚೌಕ ಮತ್ತೆ ಕೆಡುತ್ತಿತ್ತು. ಎಬಿ ಗೆರೆಗೆ ಎ ಬಿಂದುವಿನಲ್ಲಿ ಒಂದು ಲಂಬ ಎಳೆದು, ಅದು ವೃತ್ತವನ್ನು ಸೇರುವ ಕಡೆಯೇ ಡಿ ಇಡಬೇಕು ಅಂತ ಕಂಡುಕೊಳ್ಳೋಕೆ ಇನ್ನೊಂದು ಪೀರಿಯಡ್ ಹಿಡಿಯಿತು. ಆಮೇಲೆ ಎ, ಬಿ ಯಾವುದನ್ನು ಎಳೆದರೂ ಚೌಕ ದೊಡ್ಡದಾಯಿತು, ಸಣ್ಣದಾಯಿತು, ತಿರುಗಿತು, ಮೂಲೆಯ ಮೇಲೆ ನಿಂತಿತು. ಮೂಲೆಯ ಮೇಲೆ ನಿಂತಾಗ ನಾನು ಕೇಳಿದೆ, ‘ಈಗ ಇದೇನು?’ ‘ಚೌಕಾನೇ ಮಿಸ್, ಅದೇ ಅಲ್ವಾ!’

ಈ ಕೆಲಸಕ್ಕೆ ಹೊರಡುವ ಟೀಚರ್‌ಗಳಿಗೆ ಒಂದೆರಡು ಮಾತು. 34 ಮಕ್ಕಳನ್ನೂ ಒಟ್ಟಿಗೆ ಕೂರಿಸೋಕೆ ಹೋಗಬೇಡಿ. ನಾನು ಅರ್ಧ ಮಕ್ಕಳನ್ನು ಕಂಪ್ಯೂಟರಿಗೆ, ಅರ್ಧ ಮಕ್ಕಳನ್ನು ಪೇಪರು, ಕೈವಾರಕ್ಕೆ ಹಚ್ಚುತ್ತೇನೆ. ಮರುದಿನ ಅದಲು ಬದಲು. ಒಂದು ಕಂಪ್ಯೂಟರಿಗೆ ಎರಡು ಮೂರು ಜನ. ಮೌಸ್ ಹಿಡಿದವರು ಮಾತಾಡುವಂತಿಲ್ಲ, ಪಕ್ಕದವರು ಹೇಳಿದ್ದನ್ನಷ್ಟೇ ಮಾಡಬೇಕು. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲು. ಈ ನಿಯಮ ಇಲ್ಲದಿದ್ದಾಗ ಜೋರಿನ ಮಕ್ಕಳೇ ಮೌಸ್ ಬಿಡುತ್ತಿರಲಿಲ್ಲ. ಎಳೆಯುವ ಮೊದಲು ಏನಾಗುತ್ತೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿರಲೇಬೇಕು. ಕರೆಂಟ್ ಹೋದರೆ ಆ ಬರಹವೇ ಪಾಠ.

ಮನೆಗೆ ಮೊಬೈಲ್ ಕೆಲಸ ನಾನು ಕೊಡುವುದಿಲ್ಲ. ಫೋನು ಅಪ್ಪನ ಜೇಬಿನಲ್ಲಿರುತ್ತದೆ, ಅಪ್ಪ ಮನೆಗೆ ಬರುವುದು ಕತ್ತಲಾದ ಮೇಲೆ.

ಒಬ್ಬ ಹುಡುಗ ಕೇಳಿದ್ದ, ‘ಎಳೆದು ನೋಡಿದ್ವಲ್ಲ ಮಿಸ್, ಮತ್ಯಾಕೆ ಇದು ಚೌಕಾನೇ ಅಂತ ಬರೆದು ಸಾಧಿಸಬೇಕು?’ ಒಳ್ಳೆಯ ಪ್ರಶ್ನೆ. ಕಣ್ಣಳತೆಯಲ್ಲಿ ಮಾಡಿದ ಒಂದು ಕೋನ ಪರದೆಯ ಮೇಲೆ 90 ಅಂತ ತೋರಿಸುತ್ತಿತ್ತು. ದಶಮಾಂಶ ಸ್ಥಾನ ಜಾಸ್ತಿ ಮಾಡಿದೆ. 89.99 ಅಂತ ಶುರುವಾಗುವ ಉದ್ದನೆಯ ಸಂಖ್ಯೆ ಬಂತು. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿ, ಸಾಧನೆ ಬರೆಯೋಕೆ ಬೋರ್ಡಿನ ಹತ್ತಿರ ಬಂದ.

ಪೋಷಕರ ಸಭೆಗೆ ಆ ಗಾರೆ ಕೆಲಸದವರು ಬಂದಿದ್ದರು. ಮಗ ಅವರ ಕೈ ಹಿಡಿದು ಕಂಪ್ಯೂಟರ್ ರೂಮಿಗೆ ಕರೆದುಕೊಂಡು ಬಂದ. ‘ನಂಗೆ ಇದೆಲ್ಲ ಬರಲ್ಲ ಮೇಡಂ’ ಅನ್ನುತ್ತಲೇ ಕೂತರು. ಅವರ ಕೈ ಮೇಲೆ ಮಗ ಕೈ ಇಟ್ಟು ಬಿ ಬಿಂದುವನ್ನು ಎಳೆಸಿದ. ಚೌಕ ದೊಡ್ಡದಾಗುತ್ತಾ ಹೋಯಿತು. ಅವರು ಚೌಕವನ್ನು ನೋಡುತ್ತಿರಲಿಲ್ಲ. ಪಕ್ಕದಲ್ಲಿ ಬದಲಾಗುತ್ತಿದ್ದ ಎರಡು ಕರ್ಣಗಳ ಅಳತೆಯನ್ನೇ ನೋಡುತ್ತಿದ್ದರು. ‘ಎರಡೂ ಒಂದೇ ಬರ್ತಾ ಇದೆ ಕಣೋ’ ಎಂದರು. ಆಮೇಲೆ ಇನ್ನೊಂದು ಸಲ, ತಾವೇ ಎಳೆದು ನೋಡಿದರು.