ಗ್ರೀಸ್ ಹಾಕುವ ಬಾಯಿ ಜಾಲರಿಯ ಹೊರಗೆ

ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಹದಿನಾರು ವರ್ಷ ಫಿಟ್ಟರ್ ಆಗಿದ್ದೆ. ಎಣ್ಣೆ ಹಿಂಡುವ ಯಂತ್ರವಾದ ಎಕ್ಸ್‌ಪೆಲ್ಲರ್‌ನ ಬೆಲ್ಟಿಗೆ ತಗಡಿನ ಮುಚ್ಚಳವಿತ್ತು. ಆದರೆ ಅದು ಸದಾ ಗೋಡೆಗೆ ಒರಗಿರುತ್ತಿತ್ತು. ಒಂದು ಸಂಜೆ ಹಮಾಲರೊಬ್ಬರ ಟವೆಲ್ ಬೆಲ್ಟಿಗೆ ಸಿಕ್ಕಿತು. ಅದು ಹೆಗಲ ಮೇಲೆ ಸುಮ್ಮನೆ ಬಿದ್ದಿದ್ದರಿಂದ ಅವರು ಉಳಿದರು. ಕೊರಳಿಗೆ ಸುತ್ತಿದ್ದರೆ ಉಳಿಯುತ್ತಿರಲಿಲ್ಲ. ಪುಲ್ಲಿಗೆ ಸುತ್ತಿ ಕರಕಲಾದ ಬಟ್ಟೆಯನ್ನು ಚಾಕುವಿನಿಂದ ಕೊಯ್ದು ತೆಗೆದವನು ನಾನು.

ಮುಚ್ಚಳ ಬಿಚ್ಚಿದವರಿಗೆ ದಂಡ ಹಾಕುವುದಾಗಿ ಮಾಲೀಕರು ಮರುದಿನ ಹೇಳಿದರು. "ಬಿಚ್ಚುವವನು ನಾನೇ, ಸಾಹುಕಾರರೇ. ಬಿಚ್ಚದಿದ್ದರೆ ಬೇರಿಂಗಿಗೆ ಗ್ರೀಸ್ ಹಾಕುವುದು ಹೇಗೆ?" ಎಂದೆ. ಅವರು ಕೇಳಿಸಿಕೊಂಡರು, ಅದು ದೊಡ್ಡದು.

ತಗಡು ತೆಗೆದು, ಬೆರಳು ತೂರದಷ್ಟು ಸಣ್ಣ ಕಣ್ಣಿನ ಜಾಲರಿಯನ್ನು ಕಬ್ಬಿಣದ ಚೌಕಟ್ಟಿಗೆ ಬೆಸುಗೆ ಹಾಕಿಸಿದೆ. ಬೆಲ್ಟ್ ಸಡಿಲವಾಗಿದೆಯೇ ಎಂಬುದು ಹೊರಗಿನಿಂದಲೇ ಕಾಣತೊಡಗಿತು. ಬೇರಿಂಗಿನಿಂದ ತಾಮ್ರದ ಕೊಳವೆ ಎಳೆದು ಗ್ರೀಸ್ ಹಾಕುವ ಬಾಯಿಯನ್ನು ಜಾಲರಿಯ ಹೊರಗೆ ತಂದೆ. ಮೊದಲ ವಾರವೇ ಬೇರಿಂಗ್ ಕಾದುಹೋಯಿತು: ಕೊಳವೆಯಲ್ಲಿ ಗಾಳಿ ತುಂಬಿದ್ದರಿಂದ ಗ್ರೀಸ್ ಒಳಗೆ ತಲುಪಿರಲಿಲ್ಲ. ಕೊಳವೆಯ ತುಂಬ ಗ್ರೀಸ್ ತುಂಬಿಸಿಯೇ ಜೋಡಿಸಬೇಕೆಂದು ಆಗ ತಿಳಿಯಿತು.

ಆ ದಿನಗಳಲ್ಲಿಯೇ 1948ರ ಕಾರ್ಖಾನೆಗಳ ಕಾಯ್ದೆಯನ್ನು ತರಿಸಿ ಓದಿದೆ. ಯಂತ್ರದ ಅಪಾಯದ ಭಾಗಗಳಿಗೆ ಭದ್ರವಾದ ಬೇಲಿ ಇರಬೇಕೆನ್ನುವುದು 21ನೆಯ ಸೆಕ್ಷನ್. ಓಡುವ ಯಂತ್ರಕ್ಕೆ ಎಣ್ಣೆ ಹಾಕುವವನು ತರಬೇತಿ ಪಡೆದ ವಯಸ್ಕ ಗಂಡಸಾಗಿರಬೇಕು, ಮೈಗೆ ಬಿಗಿಯಾದ ಉಡುಪು ತೊಟ್ಟಿರಬೇಕು ಎನ್ನುವುದು 22ನೆಯದು. ಆ ಉಡುಪನ್ನು ಒದಗಿಸುವ ಹೊಣೆ ಮಾಲೀಕರದೇ ಆಗಿತ್ತು. ಬಟ್ಟೆ ಕೆಲಸಗಾರನ ಪಾಡು ಎಂದೇ ನಾನು ಅಷ್ಟು ವರ್ಷ ನಂಬಿದ್ದೆ! ಓಡುವ ಭಾಗಗಳ ಅಪಾಯವಿರುವಲ್ಲಿ ಹೆಂಗಸರಿಂದ ಯಂತ್ರ ಒರೆಸಿಸುವುದನ್ನೂ ಅದೇ ಸೆಕ್ಷನ್ ತಡೆಯುತ್ತಿತ್ತು. ನಮ್ಮಲ್ಲಿ ಅವರು ಸೆರಗು ಸಿಕ್ಕಿಸಿಕೊಂಡು, ತಿರುಗುತ್ತಿದ್ದ ಯಂತ್ರದ ಬುಡದಲ್ಲಿ ಶೇಂಗಾ ಹಿಂಡಿಯನ್ನು ಗುಡಿಸುತ್ತಿದ್ದರು. ಅಂದಿನಿಂದ ಮೇನ್ ಸ್ವಿಚ್ಚಿಗೆ ಬೀಗ ಬಂತು. ಗುಡಿಸಿ ಮುಗಿಯುವ ತನಕ ಕೀಲಿ ಗುಡಿಸುವ ಅಕ್ಕನ ಸೊಂಟದಲ್ಲಿ. ಮಾಲೀಕರು ಕೇಳಿದರೂ ಕೊಡಕೂಡದು.

ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಆ ಕಾಯ್ದೆಯಲ್ಲಿ 10 ಕೆಲಸಗಾರರಿದ್ದರೆ ಸಾಕಿತ್ತು. ಅದರ ಜಾಗಕ್ಕೆ ಬಂದ 2020ರ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ನಾವಿದ್ದದ್ದು ಹದಿನಾಲ್ಕು ಮಂದಿ. ನನಗೆ ಇದು ಸರಿಕಾಣುವುದಿಲ್ಲ. ಬೆಲ್ಟು ತಲೆ ಎಣಿಸಿ ಎಳೆಯುವುದಿಲ್ಲ.

ಈಗಲೂ ಯಾವುದೇ ಮಿಲ್ಲಿಗೆ ಹೋದರೂ ಮೊದಲು ಜಾಲರಿಯ ಬೋಲ್ಟುಗಳನ್ನು ನೋಡುತ್ತೇನೆ. ಅವುಗಳ ಮೇಲೆ ಶೇಂಗಾ ಹೊಟ್ಟಿನ ಧೂಳು ದಪ್ಪಗೆ ಕೂತಿದ್ದರೆ, ಇತ್ತೀಚೆಗೆ ಯಾರೂ ಬಿಚ್ಚಿಲ್ಲವೆಂದು ಗೊತ್ತಾಗುತ್ತದೆ.