ಕಿವಿಯೊಳಗೆ ನೀರು ನಿಂತಾಗ ಮೂಗಿಗೆ ಬಿಡುವ ಸ್ಪ್ರೇ: ಬಳಸುವ ಕ್ರಮ, ಅದರ ಮಿತಿ

ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವಾಗ ಕಟ್ಟಿದ ಕಿವಿ, ಉಗುಳು ನುಂಗಿದೊಡನೆ 'ಟಪ್' ಎಂದು ಬಿಟ್ಟುಕೊಳ್ಳುತ್ತದೆ. ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಹೋಗುವ, ದೊಡ್ಡವರಲ್ಲಿ ಸುಮಾರು 36 ಮಿಲಿಮೀಟರ್ ಉದ್ದದ ಯುಸ್ಟೇಷಿಯನ್ ನಾಳ ತೆರೆದುಕೊಳ್ಳುವ ಸದ್ದು ಅದು. ಮಳೆಗಾಲದ ಶೀತದಿಂದಲೋ, ಅಡಿಕೆ ಸುಲಿಯುವಾಗ ಏಳುವ ಧೂಳಿನ ಅಲರ್ಜಿಯಿಂದಲೋ ನಾಳದ ಬಾಯಿ ಊದಿಕೊಂಡರೆ ಮಧ್ಯಕಿವಿಗೆ ಗಾಳಿ ತಲುಪದೆ ಒತ್ತಡ ಕುಗ್ಗಿ, ಒಳಪೊರೆಯಿಂದ ನೀರು ಒಸರಿ ಅಲ್ಲೇ ನಿಲ್ಲುತ್ತದೆ. ಇದು ಕೆರೆಯಲ್ಲಿ ಮುಳುಗಿದಾಗ ಹೊಕ್ಕ ನೀರಲ್ಲ. ನಡುವೆ ಕಿವಿತಮಟೆ ಅಡ್ಡವಿರುವುದರಿಂದ ಅಜ್ಜಿ ಬಿಸಿ ಮಾಡಿ ಬಿಡುವ ತೆಂಗಿನೆಣ್ಣೆ ಅಲ್ಲಿಗೆ ಮುಟ್ಟುವುದೂ ಇಲ್ಲ.

ಮೂಗಿನ ಸ್ಪ್ರೇ ಕೂಡ ಕಿವಿಯನ್ನು ಮುಟ್ಟುವುದಿಲ್ಲ. ಅದು ಮೂಗಿನ ಊತವನ್ನಷ್ಟೇ ಇಳಿಸುತ್ತದೆ. ಔಷಧದಂಗಡಿಯಲ್ಲಿ 'ಮೂಗಿನ ಸ್ಪ್ರೇ' ಎಂದು ಕೇಳಿದರೆ ಬೇರೆ ಬೇರೆ ಔಷಧಗಳು ಸಿಗುವುದರಿಂದ ಸೀಸೆಯ ಮೇಲಿನ ಔಷಧದ ಹೆಸರನ್ನು ಓದಿಕೊಳ್ಳಬೇಕು. ಆಕ್ಸಿಮೆಟಜೋಲಿನ್ ಅಥವಾ ಕ್ಸೈಲೋಮೆಟಜೋಲಿನ್ ಇರುವುದು ನಿಮಿಷಗಳಲ್ಲೇ ಮೂಗನ್ನು ಬಿಡಿಸುತ್ತದೆ. ಆದರೆ ಮೂರರಿಂದ ಐದು ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟಿ, ಸ್ಪ್ರೇ ಇಲ್ಲದೆ ನಿದ್ದೆಯೇ ಬಾರದ ಸ್ಥಿತಿ ಬರಬಹುದು. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ಫ್ಲುಟಿಕಾಸೋನ್, ಮೊಮೆಟಾಸೋನ್ ಮೊದಲಾದ ಸ್ಟಿರಾಯ್ಡ್ ಸ್ಪ್ರೇಗಳು ಅಲರ್ಜಿಯ ಮೂಗಿಗೆ ಹೇಳಿದವು. ಇವು ದಿನವೂ ತಪ್ಪದೆ ಬಳಸಿದಾಗ ಒಂದೆರಡು ವಾರಗಳಲ್ಲಿ ಪೂರ್ಣ ಗುಣ ತೋರುತ್ತವೆ. ಎರಡೇ ದಿನ ಬಳಸಿ 'ಏನೂ ಆಗಲಿಲ್ಲ' ಎಂದು ಮೂಲೆಗಿಡುವವರೇ ಹೆಚ್ಚು.

ಬಿಡುವ ಕ್ರಮದಲ್ಲಿ ತಪ್ಪಿದರೆ ಔಷಧ ಗಂಟಲಿಗೆ ಇಳಿದು ಕಹಿಯಾಗುತ್ತದೆ, ಇಲ್ಲವೇ ಮೂಗಿನಿಂದ ರಕ್ತ ಬರುತ್ತದೆ. ಮೊದಲು ಮೆಲ್ಲಗೆ ಸಿಂಬಳ ತೆಗೆದು ಮೂಗನ್ನು ಚೊಕ್ಕಟ ಮಾಡಿಕೊಳ್ಳಿ. ಸೀಸೆಯನ್ನು ಕುಲುಕಿ, ಹೊಸತಾದರೆ ಸಣ್ಣ ಹನಿಗಳು ಸಮನಾಗಿ ಬರುವವರೆಗೆ ಗಾಳಿಗೆ ಒತ್ತಿ. ತಲೆಯನ್ನು ಹಿಂದಕ್ಕೆ ಎತ್ತದೆ ತುಸು ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈಯಿಂದಲೂ ಎಡ ಹೊಳ್ಳೆಗೆ ಬಲಗೈಯಿಂದಲೂ ಹಿಡಿಯಿರಿ. ಆಗ ಸೀಸೆಯ ತುದಿ ಮೂಗಿನ ನಡುಗೋಡೆಯ ಕಡೆಗಲ್ಲದೆ ಅದೇ ಬದಿಯ ಕಣ್ಣಿನ ಹೊರತುದಿಯ ಕಡೆಗೆ ತಾನಾಗಿ ತಿರುಗುತ್ತದೆ. ಒತ್ತುವಾಗ ಹೂವಿನ ಪರಿಮಳ ನೋಡುವಷ್ಟು ಹಗುರವಾಗಿ ಉಸಿರೆಳೆದರೆ ಸಾಕು. ಕೂಡಲೇ ಸಿಂಬಳ ತೆಗೆಯಬೇಡಿ. ಒಬ್ಬರ ಸೀಸೆಯನ್ನು ಇನ್ನೊಬ್ಬರು ಬಳಸಬಾರದು.

ಉಪ್ಪುನೀರಿನಿಂದ ಮೂಗು ತೊಳೆದ ಮೇಲೆ ಸ್ಪ್ರೇ ಬಿಟ್ಟರೆ ಔಷಧ ಸರಿಯಾಗಿ ತಾಗುತ್ತದೆ. ಒಂದು ಲೀಟರ್ ನೀರಿಗೆ 9 ಗ್ರಾಂ ಅಯೋಡಿನ್ ಇಲ್ಲದ ಉಪ್ಪು, ಅಂದರೆ ಸುಮಾರು ಒಂದೂವರೆ ಟೀ ಚಮಚ ಸಾಕು. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ, ಗುಡ್ಡ ಕೊರೆದು ತೆಗೆದ ಸುರಂಗದ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿ ಆರಿಸದೆ ಮೂಗಿಗೆ ಏರಿಸಬೇಡಿ. ಕೇರಳದಲ್ಲಿ 2024ರಲ್ಲಿಯೂ 2025ರಲ್ಲಿಯೂ ಕಂಡ ಅಮೀಬಾ ಮಿದುಳು ಜ್ವರದ ಅಮೀಬಾ ಮುಖ್ಯವಾಗಿ ಮೂಗಿನ ಮೂಲಕ ಒಳಹೋಗುತ್ತದೆ.

ಇನ್ನು ಮಿತಿಯ ಮಾತು. ಮಕ್ಕಳ ಮಧ್ಯಕಿವಿಯಲ್ಲಿ ನೀರು ನಿಂತದ್ದಕ್ಕೆಂದೇ ಸ್ಟಿರಾಯ್ಡ್ ಸ್ಪ್ರೇ ಕೊಡಬಾರದೆಂದು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ 2016ರ ಮಾರ್ಗಸೂಚಿ ಹೇಳುತ್ತದೆ. ಹೆಚ್ಚಿನ ಮಕ್ಕಳಲ್ಲಿ ಮೂರು ತಿಂಗಳೊಳಗೆ ಅದು ತಾನಾಗಿ ಇಂಗುತ್ತದೆ. ಇಂಗದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ, ಕಿವಿತಮಟೆಯಲ್ಲಿ ಗ್ರೊಮೆಟ್ ಎಂಬ ಸಣ್ಣ ಕೊಳವೆ ಇಡಬೇಕೇ ಎಂದು ತಜ್ಞರೊಡನೆ ಮಾತನಾಡಬೇಕು. ಅಲರ್ಜಿ ಜೊತೆಗಿದ್ದರೆ ಸ್ಪ್ರೇ ಅಲರ್ಜಿಗಾಗಿ ಉಪಯೋಗಕ್ಕೆ ಬರುತ್ತದೆ. ದೊಡ್ಡವರಲ್ಲಿ ಒಂದೇ ಕಿವಿಯಲ್ಲಿ ನೀರು ನಿಂತು ಹೋಗದಿದ್ದರೆ ಮೂಗಿನ ಹಿಂಭಾಗದಲ್ಲಿ ಗಡ್ಡೆ ಇದೆಯೇ ಎಂದು ಎಂಡೋಸ್ಕೋಪಿ ಮಾಡಿಸಲೇಬೇಕು. ಕಿವಿ ಒಮ್ಮೆಗೇ ಕೇಳಿಸದಾದರೆ ಶೀತವೆಂದು ಕಾಯದೆ ಅದೇ ದಿನ ವೈದ್ಯರಲ್ಲಿಗೆ ಹೋಗಿ.

ಕಾಯುವ ಆ ಮೂರು ತಿಂಗಳಲ್ಲಿ ಶಾಲೆಗೆ ಹೋಗುವ ಮಗುವಿಗೆ ಮೂಗಿನಿಂದ ಊದುವ ಬಲೂನನ್ನು ಕೊಡಬಹುದು. ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ ಊದಿದಾಗ ಗಾಳಿ ನಾಳವನ್ನು ತೆರೆಯುತ್ತದೆ. ದಿನಕ್ಕೆ ಮೂರು ಸಲ, ಶೀತವಿಲ್ಲದ ದಿನಗಳಲ್ಲಿ.