ಗಾಳಿಗೆ ಹತ್ತುವ ಕರಟದ ದೀಪ

ಮೊದಲೇ ಹೇಳಿಬಿಡುತ್ತೇನೆ, ಇದರಿಂದ ಕರೆಂಟ್ ಬಿಲ್ಲು ಒಂದು ರೂಪಾಯಿಯೂ ಇಳಿಯುವುದಿಲ್ಲ. ಗಾಳಿ ಬೀಸಿದಾಗ ಅಂಗಳದ ಮೂಲೆಯಲ್ಲಿ ಒಂದು ಕರಟ ಬಣ್ಣಬಣ್ಣವಾಗಿ ಹೊಳೆಯುತ್ತದೆ, ಅಷ್ಟೇ. ನಮ್ಮ ಚಿತ್ರದುರ್ಗದಲ್ಲಿ ಗಾಳಿಗೇನೂ ಬರವಿಲ್ಲ. ಜೋಗಿಮಟ್ಟಿ ಕಡೆ ತಿರುಗಿದರೆ ಗುಡ್ಡದ ಸಾಲಿನ ಮೇಲೆ ದೊಡ್ಡ ದೊಡ್ಡ ಫ್ಯಾನುಗಳು. ಆಷಾಢದಲ್ಲಿ ಒಣಹಾಕಿದ ಸೀರೆ ಪಕ್ಕದ ಮನೆ ಕಾಂಪೌಂಡಿನೊಳಗೆ ಹೋಗಿ ಬೀಳುತ್ತದೆ. ಇಷ್ಟು ಗಾಳಿ ಸುಮ್ನೆ ಹೋಗುತ್ತಲ್ಲ ಅಂತ ಶುರುವಾದದ್ದು ಈ ಆಟ. ಮನೆಯವರು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಸೋಲ್ಡರ್ ಮಾಡುವುದನ್ನು ಅವರ ಪಕ್ಕ ಕೂತೇ ಕಲಿತೆ.

ಗಾಳಿಚಕ್ರ ಮೋಟಾರನ್ನು ತಿರುಗಿಸುತ್ತದೆ, ತಿರುಗಿದ ಮೋಟಾರು ಕರೆಂಟು ಹುಟ್ಟಿಸುತ್ತದೆ. ಇದರಲ್ಲಿ ಕೈ ಕೊಡುವುದು ಈ ಮೋಟಾರೇ. ನಾನು ಮೊದಲು ಮೊಮ್ಮಗನ ಮುರಿದ ಆಟದ ಕಾರಿನ ಮೋಟಾರು ಹಾಕಿದೆ. ಚಕ್ರ ಗಿರಗಿರ ತಿರುಗಿತು, ದೀಪ ಮಿಣುಕ್ ಅನ್ನಲಿಲ್ಲ. ಆ ಮೋಟಾರು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿದರೆ ಮಾತ್ರ ವೋಲ್ಟೇಜು ಬರುತ್ತದೆ. ನಮ್ಮ ಗಾಳಿಚಕ್ರ ಸಾಧಾರಣ ಗಾಳಿಗೆ ನೂರೋ ನೂರೈವತ್ತೋ ಸುತ್ತು ಹಾಕಿದರೆ ಅದೇ ದೊಡ್ಡದು. ಹಲ್ಲುಚಕ್ರ ಜೋಡಿಸಿ ವೇಗ ಹೆಚ್ಚಿಸಲು ಹೋದೆ, ಆಗ ಮಂದ ಗಾಳಿಗೆ ಚಕ್ರವೇ ಅಲ್ಲಾಡಲಿಲ್ಲ.

ಬೇಕಾದದ್ದು ಹಳೆ ಪ್ರಿಂಟರಿನ ಸ್ಟೆಪ್ಪರ್ ಮೋಟಾರು, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದ್ದು. ಗುಜರಿ ಅಂಗಡಿಯಲ್ಲಿ ಕೆಟ್ಟ ಪ್ರಿಂಟರ್ ಸಿಕ್ಕರೆ ಒಳಗೆ ಒಂದೆರಡಾದರೂ ಇರುತ್ತವೆ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಕೇಳಬಹುದು. ಒಂದು ಸುತ್ತಿಗೆ 200 ಹೆಜ್ಜೆ ಇಡುವ ಸ್ಟೆಪ್ಪರನ್ನು ಕೈಯಲ್ಲಿ ತಿರುಗಿಸಿದರೆ ಒಂದೇ ಸುತ್ತಿನಲ್ಲಿ 50 ಸಲ ಕರೆಂಟು ಹಿಂದೆ ಮುಂದೆ ಹರಿಯುತ್ತದೆ. ಅದಕ್ಕೇ ನಿಧಾನಕ್ಕೆ ತಿರುಗಿದರೂ ದೀಪಕ್ಕೆ ಸಾಕಾಗುವಷ್ಟು ವೋಲ್ಟೇಜು. ನಾಲ್ಕು ವೈರಿನದನ್ನೇ ಆರಿಸಿಕೊಳ್ಳಿ. ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ಸಣ್ಣಗೆ ಕಟಕಟ ಅನ್ನಬೇಕು. ಬೆರಳು ನೋಯುವಷ್ಟು ಬಿಗಿ ಇದ್ದರೆ ಬೇಡ, ಗಾಳಿಗೆ ಅದು ಬಗ್ಗುವುದಿಲ್ಲ.

ನಾಲ್ಕು ವೈರಿನಲ್ಲಿ ಯಾವೆರಡು ಜೋಡಿ ಅಂತ ತಿಳಿಯಲು ಮೀಟರೇ ಬೇಕಿಲ್ಲ. ಎರಡು ವೈರಿನ ತುದಿ ಸೇರಿಸಿ ಹಿಡಿದು ಮೋಟಾರು ತಿರುಗಿಸಿ. ತಟ್ಟನೆ ಬಿಗಿಯಾಯಿತು ಅಂದರೆ ಅವೆರಡೂ ಮೋಟಾರಿನೊಳಗಿನ ಒಂದೇ ತಂತಿ ಸುರುಳಿಯವು. ಉಳಿದೆರಡು ಇನ್ನೊಂದು ಸುರುಳಿ. ಈ ಉಪಾಯ ಮನೆಯವರದ್ದು.

ಚಕ್ರಕ್ಕೆ ನಾನು ಪಿವಿಸಿ ಪೈಪ್ ಹಾಕಿದೆ. ಆರಿಂಚಿನ ಪೈಪು, ಒಂದೂವರೆ ಅಡಿ ಉದ್ದ, ಉದ್ದಕ್ಕೆ ಎರಡು ಸೀಳು. ಎರಡು ಬೊಗಸೆ ಎದುರುಬದುರು ಇಟ್ಟ ಹಾಗೆ ಅವನ್ನು ನಿಲ್ಲಿಸಿ. ನಡುವೆ ಒಂದರ ಅಂಚು ಇನ್ನೊಂದರೊಳಗೆ ಒಂದಿಂಚು ನುಗ್ಗಿರಲಿ. ಮೇಲೊಂದು ಕೆಳಗೊಂದು 20 ಲೀಟರ್ ಪೇಂಟ್ ಬಕೆಟ್ಟಿನ ಮುಚ್ಚಳ ಇಟ್ಟು ಸ್ಕ್ರೂ ಬಿಗಿಯಿರಿ. ಇದಕ್ಕೆ ಸವೋನಿಯಸ್ ಚಕ್ರ ಅನ್ನುತ್ತಾರೆ. ಫಿನ್‌ಲೆಂಡಿನ ಸಿಗುರ್ಡ್ ಸವೋನಿಯಸ್ ಎಂಬವರು 1920ರ ದಶಕದಲ್ಲಿ ಮಾಡಿದ್ದು. ಗಾಳಿ ಯಾವ ಕಡೆಯಿಂದ ಬಂದರೂ ತಿರುಗುತ್ತದೆ, ಬಾಲ ಗೀಲ ಏನೂ ಬೇಡ. ಮನೆಗಳ ನಡುವೆ ಗಾಳಿ ದಿಕ್ಕು ತಪ್ಪಿ ಸುಳಿಯುತ್ತದೆ ಅಲ್ವಾ, ಅಲ್ಲಿಗೆ ಇದೇ ಸರಿ.

ಮೋಟಾರಿನ ಕಡ್ಡಿಯಲ್ಲಿರುವ ಹಲ್ಲುಚಕ್ರ ಕೀಳಬೇಡಿ. ಕೆಳಗಿನ ಮುಚ್ಚಳದ ನಡುವಿಗೆ ಅದನ್ನೇ ಕೂರಿಸಿ ಎಂ-ಸೀಲ್ ಮೆತ್ತಿ, ಒಂದು ದಿನ ಮುಟ್ಟದೆ ಬಿಡಿ. ಮೇಲಿನ ತುದಿಗೆ ಬೇರಿಂಗ್ ಬೇಕು. 2017ರಲ್ಲಿ ಮಕ್ಕಳೆಲ್ಲ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದ ಫಿಜೆಟ್ ಸ್ಪಿನ್ನರ್ ಮನೆಯಲ್ಲಿ ಎಲ್ಲೋ ಬಿದ್ದಿರುತ್ತದೆ ನೋಡಿ. ಅದರ ನಡುವಿನ ಬೇರಿಂಗ್ ಇದಕ್ಕೆ ಹೇಳಿ ಮಾಡಿಸಿದ್ದು. ಮಳೆನೀರು ಮೋಟಾರಿಗೆ ಇಳಿಯದ ಹಾಗೆ ಕೆಳ ಮುಚ್ಚಳದ ಅಡಿಗೆ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಬೋರಲು ಅಂಟಿಸಿ. ಚಕ್ರದ ಜೊತೆ ಅದೂ ತಿರುಗುತ್ತಾ ಮೋಟಾರಿಗೆ ಕೊಡೆ ಹಿಡಿಯುತ್ತದೆ.

ಈಗ ದೀಪ. ಸುರುಳಿಯಿಂದ ಬರುವ ಕರೆಂಟು ಹಿಂದೆ ಮುಂದೆ ಹರಿಯುವಂಥದ್ದು. ಡಯೋಡ್ ಹಾಕಿ ಅದನ್ನು ಒಂದೇ ದಿಕ್ಕಿಗೆ ತಿರುಗಿಸಬಹುದು. ಆದರೆ ಮಾಮೂಲಿ 1ಎನ್4007 ಡಯೋಡ್ ನಾಲ್ಕು ಹಾಕಿದರೆ ಹತ್ತಿರ ಹತ್ತಿರ ಒಂದೂವರೆ ವೋಲ್ಟ್ ಅಲ್ಲೇ ಹೋಗುತ್ತದೆ. ಮಂದ ಗಾಳಿಯಲ್ಲಿ ಅದು ತುಟ್ಟಿ. ಅದರ ಬದಲು ಎರಡು ಎಲ್‌ಇಡಿಗಳನ್ನು ಒಂದರ ಉದ್ದ ಕಾಲಿಗೆ ಇನ್ನೊಂದರ ಗಿಡ್ಡ ಕಾಲು ಬರುವ ಹಾಗೆ ಅಕ್ಕಪಕ್ಕ ಸೇರಿಸಿ. ಕರೆಂಟು ಆಚೆ ಹೋದಾಗ ಒಂದು, ಈಚೆ ಬಂದಾಗ ಇನ್ನೊಂದು. ಒಂಟಿ ಎಲ್‌ಇಡಿಗೆ ಐದಾರು ವೋಲ್ಟ್ ಉಲ್ಟಾ ಬಿದ್ದರೆ ಸತ್ತೇಹೋಗಬಹುದು. ಜೋಡಿಯಲ್ಲಿ ಒಂದು ಇನ್ನೊಂದನ್ನು ಕಾಯುತ್ತದೆ. ಜೊತೆಗೆ ಕರೆಂಟು ಮಿತಿಮೀರದಂತೆ ತಡೆಯುವ 470 ಓಮ್‌ನ ರೆಸಿಸ್ಟರ್ ಒಂದು ಖಂಡಿತ ಇರಲಿ. ನಾನು ಅದನ್ನು ಬಿಟ್ಟು, ಮೊದಲ ಜೋರು ಗಾಳಿಗೇ ನಾಲ್ಕು ಎಲ್‌ಇಡಿ ಸುಟ್ಟುಕೊಂಡೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಶಕ್ತಿ ಎಂಟರಷ್ಟಾಗುತ್ತದೆ. ಬೆಳಿಗ್ಗೆ ಮೆಲ್ಲಗೆ ಮಿಣುಕಿದ್ದು ಸಂಜೆಗೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ.

ಕರಟವನ್ನು ಮರಳು ಕಾಗದದಲ್ಲಿ ಚೆನ್ನಾಗಿ ಉಜ್ಜಿ, ಸಣ್ಣ ಡ್ರಿಲ್ಲಿನಲ್ಲಿ ರಂಗೋಲಿ ಚುಕ್ಕಿಯ ಹಾಗೆ ತೂತು ಹಾಕಿ. ಎಲ್‌ಇಡಿ ಒಳಗೆ ಕೂರಿಸಿ ಬೋರಲಾಗಿ ತೂಗುಹಾಕಿದರೆ ನೀರು ನಿಲ್ಲುವುದಿಲ್ಲ.

ಇಡೀ ಚಕ್ರ ಕಾಂಪೌಂಡ್ ಗೋಡೆಗಿಂತ ಮೇಲಿರಲಿ, ಕೆಳಗಿದ್ದರೆ ಗಾಳಿಯೇ ತಾಗುವುದಿಲ್ಲ. ಮನೆಗೋಡೆಗೆ ಮಾತ್ರ ಬಡಿಯಬೇಡಿ. ರಾತ್ರಿಯಿಡೀ ಗುಂಯ್ ಅನ್ನುತ್ತದೆ, ನಾನು ಎರಡು ದಿನ ನಿದ್ದೆಗೆಟ್ಟು ಕಿತ್ತು ತೆಗೆದೆ. ಬೇರೆ ಕಂಬ ನೆಟ್ಟು ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿಡಿ.

ಬಣ್ಣದಲ್ಲೊಂದು ಮೋಜಿದೆ. ಕೆಂಪು ಎಲ್‌ಇಡಿಗೆ ಎರಡು ವೋಲ್ಟ್ ಆದರೆ ಸಾಕು, ನೀಲಿಗೆ ಮೂರರ ಹತ್ತಿರ ಬೇಕು. ಒಂದು ಸುರುಳಿಗೆ ಕೆಂಪು ಜೋಡಿ ಹಾಕಿ. ಇನ್ನೊಂದಕ್ಕೆ ನೀಲಿಯನ್ನು ಎರಡೆರಡು ಸಾಲಾಗಿ ಸೇರಿಸಿ, ಒಟ್ಟು ನಾಲ್ಕು. ಮೆಲ್ಲನೆ ಗಾಳಿ ಬಂದರೆ ಕರಟ ಕೆಂಪಗೆ ಹೊಳೆಯುತ್ತದೆ, ಜೋರಾದಾಗ ನೀಲಿಯೂ ಸೇರಿಕೊಳ್ಳುತ್ತದೆ. ಚಳಿಗಾಲದ ಎಷ್ಟೋ ಸಂಜೆ ಎರಡೂ ಇಲ್ಲ, ಸುಮ್ನೆ ನೇತಾಡುತ್ತಿರುತ್ತದೆ. ನಾನು ಅಡುಗೆಮನೆ ಕಿಟಕಿಯಿಂದ ಆಗಾಗ ಕಣ್ಣು ಹಾಯಿಸುತ್ತೇನೆ. ನೀಲಿ ಕಂಡರೆ ಸೊಸೆಗೆ ಕೂಗಿ ಹೇಳುತ್ತೇನೆ, ತಂತಿ ಮೇಲಿನ ಬಟ್ಟೆ ಒಳಗೆ ತಾರಮ್ಮ ಅಂತ.